ಆಯ ತಪ್ಪಿಸುವ ಬಿಸಿಲು

ಬೇಸಿಗೆಯಲ್ಲಿ ಮನೆ ಕಟ್ಟಿಸುತ್ತಿರುವವರು ಎಷ್ಟೇ ಅವಸರವಿದ್ದರೂ ಮರೆಯದ ಕೆಲಸ ಒಂದಿದೆ. ಬೆಳಿಗ್ಗೆ ಎದ್ದವರೇ ನಿವೇಶನಕ್ಕೆ ಹೋಗಿ, ಹಿಂದಿನ ದಿನ ಹಾಕಿದ ತಾರಸಿಗೆ ನೀರು ಬಿಡುತ್ತಾರೆ. ಗಾರೆಯಿಂದ ಸಣ್ಣ ಬದುಗಳನ್ನು ಕಟ್ಟಿಸಿ ಗದ್ದೆಯಲ್ಲಿ ನಿಲ್ಲಿಸಿದಂತೆ ನೀರು ನಿಲ್ಲಿಸುತ್ತಾರೆ. ಕಂಬಗಳಿಗೆ ಗೋಣಿಚೀಲ ಸುತ್ತಿಸಿ, ಅದು ಒಣಗದಂತೆ ಸಂಜೆ ಇನ್ನೊಮ್ಮೆ ನೆನೆಸುತ್ತಾರೆ. ಇದಕ್ಕೆ ಎಲ್ಲರೂ ಹೇಳುವ ಹೆಸರು ಕ್ಯೂರಿಂಗ್. ಸಾಮಾನ್ಯ ಸಿಮೆಂಟಿಗೆ ಕನಿಷ್ಠ ಏಳು ದಿನ, ಒಣ ಬಿಸಿಲಿನ ಕಾಲದಲ್ಲಿ ಹತ್ತು ದಿನಕ್ಕೆ ಕಡಿಮೆಯಿಲ್ಲದಂತೆ ಕಾಂಕ್ರೀಟನ್ನು ಒದ್ದೆಯಾಗಿ ಇಡಬೇಕೆಂದು ಭಾರತೀಯ ಮಾನಕದ ಸಂಹಿತೆಯೇ ಹೇಳುತ್ತದೆ.

ಬಿಸಿಲಿನಲ್ಲಿ ಕಾಂಕ್ರೀಟ್ ಹಾಕುವುದಕ್ಕೆಂದೇ 1975ರಲ್ಲಿ ಪ್ರತ್ಯೇಕ ಮಾನಕವೊಂದು ಬಂದಿದೆ. ಗಾಳಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಅಥವಾ ಹಾಕುವಾಗ ಕಾಂಕ್ರೀಟೇ 40 ಡಿಗ್ರಿ ಮೀರುವಂತಿದ್ದರೆ, ವಿಶೇಷ ಎಚ್ಚರ ಬೇಕೆಂದು ಅದು ವಿಧಿಸುತ್ತದೆ. ಜಲ್ಲಿಯನ್ನು ನೆರಳಿನಲ್ಲಿಡಿ, ನೀರನ್ನು ತಂಪುಮಾಡಿ, ಸಾಧ್ಯವಾದರೆ ಸಂಜೆ ಕೆಲಸ ಮಾಡಿ ಎಂಬಂಥ ಎಚ್ಚರ. ಕಾಂಕ್ರೀಟಿನ ಯೋಗಕ್ಷೇಮಕ್ಕೆ ಹೀಗೊಂದು ಗಡಿ ಹಾಕಿರುವುದು ಒಳ್ಳೆಯದೇ. ಕುತೂಹಲದ ಸಂಗತಿಯೆಂದರೆ ಮನುಷ್ಯನ ದೇಹಕ್ಕೂ ಪ್ರಕೃತಿ ಗೊತ್ತುಮಾಡಿರುವ ಗಡಿ ಸುಮಾರು ಅಷ್ಟೇ. ದೇಹದ ಒಳಗಿನ ಉಷ್ಣತೆ 37 ಡಿಗ್ರಿಯಿಂದ ಏರಿ 40 ಮುಟ್ಟಿದರೆ ಮಿದುಳಿನ ಕೆಲಸ ಏರುಪೇರಾಗತೊಡಗುತ್ತದೆ.

ತಾರಸಿಗೆ ನೀರು ನಿಂತಿರುವ ಅದೇ ಮನೆಯ ಪಶ್ಚಿಮದ ಗೋಡೆಗೆ ಮಧ್ಯಾಹ್ನ ಎರಡೂವರೆಗೆ ಗಿಲಾವು ನಡೆಯುತ್ತಿರುತ್ತದೆ. ಸರ್ವೆ ಮರದ ಸಾರುವೆ, ಅದರ ಮೇಲೆ ಎರಡು ಹಲಗೆ, ಹಲಗೆಯ ಮೇಲೆ ಗಾರೆಯವನು. ಕೆಳಗೆ ಬಾಂಡ್ಲಿ ಹೊರುವ ಹೆಂಗಸು. ಅವರಿಬ್ಬರಿಗೂ ಯಾರೂ ಗೋಣಿಚೀಲ ಸುತ್ತಿಸುವುದಿಲ್ಲ. ಮರುದಿನದ ಪತ್ರಿಕೆಯ ಮೂಲೆಯಲ್ಲಿ ಒಂದೊಮ್ಮೆ ನಾಲ್ಕು ಸಾಲಿನ ಸುದ್ದಿ ಬರುತ್ತದೆ: ನಿರ್ಮಾಣ ಹಂತದ ಕಟ್ಟಡದಿಂದ ಆಯತಪ್ಪಿ ಬಿದ್ದು ಕಾರ್ಮಿಕನ ಸಾವು. ಆಯ ತಪ್ಪಿದ್ದೇಕೆ ಎಂಬುದು ಆ ನಾಲ್ಕು ಸಾಲಿನಲ್ಲಿ ಇರುವುದಿಲ್ಲ. ಹತ್ತು ವರ್ಷದಿಂದ ಹಲಗೆಯ ಮೇಲೆ ನಡೆದಾಡಿದವನ ಆಯ ಅಂದೇ ಏಕೆ ತಪ್ಪಿತು?

ಉತ್ತರದ ಒಂದು ಭಾಗ ಭೌತಶಾಸ್ತ್ರದಲ್ಲಿದೆ. ದುಡಿಯುವ ದೇಹ ಒಂದು ಒಲೆಯಿದ್ದಂತೆ. ತಿಂದ ಅನ್ನದ ಶಕ್ತಿಯಲ್ಲಿ ಕೆಲಸವಾಗಿ ಹೊರಬರುವುದು ಐದರಲ್ಲೊಂದು ಪಾಲು ಮಾತ್ರ, ಉಳಿದದ್ದೆಲ್ಲ ಶಾಖ. ಬಾಂಡ್ಲಿ ಹೊತ್ತು ಮೆಟ್ಟಿಲೇರುವವರ ದೇಹದಲ್ಲಿ ಸುಮಾರು 400 ವ್ಯಾಟ್ ಶಾಖ ಹುಟ್ಟುತ್ತದೆಂದು ಇಟ್ಟುಕೊಳ್ಳಬಹುದು. ಇದು ಹೊರಹೋಗಲು ದಾರಿಯೇ ಇಲ್ಲವಾದರೆ 60 ಕಿಲೋ ತೂಕದ ಆಳಿನ ಮೈ ಒಂಬತ್ತು ನಿಮಿಷಕ್ಕೆ ಒಂದು ಡಿಗ್ರಿಯಂತೆ ಬಿಸಿಯಾಗುತ್ತದೆ. 37ರಿಂದ 40ಕ್ಕೆ ಅರ್ಧ ಗಂಟೆಯೂ ಬೇಡ. ಹಾಗಾಗದಂತೆ ಕಾಪಾಡುವುದು ಬೆವರು. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲರಿ ಗುಪ್ತೋಷ್ಣವನ್ನು ಮೈಯಿಂದ ಕಸಿದುಕೊಂಡು ಹೋಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ, ಗೋಣಿಚೀಲ ಸುತ್ತಿದ ಕಂಬ ತಣ್ಣಗಿರುವುದೂ ಇದೇ ಉಪಾಯದಿಂದ. ಆದರೆ ಗಮನಿಸಬೇಕಾದದ್ದು, ತಂಪುಮಾಡುವುದು ಆವಿಯಾದ ಬೆವರು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಸುಮ್ಮನೆ ಪೋಲಾದ ನೀರು.

ಆದ್ದರಿಂದಲೇ ವಾರ್ತೆಯಲ್ಲಿ ಹೇಳುವ ಉಷ್ಣತೆ ಅರ್ಧ ಸತ್ಯ. ಉಷ್ಣತಾಮಾಪಕದ ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ತೋರಿಸುವ ಅಂಕಿ ಬೆವರುವ ಮೈಗೆ ಹೆಚ್ಚು ಹತ್ತಿರವಾದದ್ದು. ಕಲಬುರಗಿಯಲ್ಲಿ 42 ಡಿಗ್ರಿ ಬಿಸಿಲು, ಆರ್ದ್ರತೆ ನೂರಕ್ಕೆ 15 ಇದ್ದಾಗ ಒದ್ದೆ ಬಲ್ಬ್ ತೋರಿಸುವುದು 22 ಡಿಗ್ರಿ. ಮಂಗಳೂರಿನಲ್ಲಿ ಬರಿಯ 34 ಡಿಗ್ರಿ, ಆದರೆ ಆರ್ದ್ರತೆ 70 ಇದ್ದರೆ ಒದ್ದೆ ಬಲ್ಬ್ 29ಕ್ಕೆ ನಿಲ್ಲುತ್ತದೆ. ಕಲಬುರಗಿಯವನ ಬೆವರು ಹುಟ್ಟಿದ ಕೂಡಲೇ ಮಾಯವಾಗುತ್ತದೆ. ಮೈ ಒಣಗಿದಂತೆಯೇ ಕಾಣುವುದರಿಂದ ತಾನೆಷ್ಟು ನೀರು ಕಳೆದುಕೊಂಡೆನೆಂದು ಅವನಿಗೇ ತಿಳಿಯುವುದಿಲ್ಲ. ಮಂಗಳೂರಿನವನ ಬೆವರು ಧಾರೆಯಾಗಿ ಇಳಿದರೂ ಆವಿಯಾಗುವುದಿಲ್ಲ. ಒಬ್ಬನಿಗೆ ನೀರಿನ ಕೊರತೆ, ಇನ್ನೊಬ್ಬನಿಗೆ ಶಾಖದ ಕಟ್ಟು. ಎರಡು ಊರಿನ ಅಪಾಯ ಎರಡು ಬಗೆ.

ಇದರ ಜೊತೆಗೆ ನೇರ ಬಿಸಿಲನ್ನೂ ಸೇರಿಸಿ ಅಳೆಯುವ ಮಾಪನವೊಂದನ್ನು 1950ರ ದಶಕದಲ್ಲಿ ಅಮೆರಿಕದ ಸೈನಿಕ ತರಬೇತಿ ಶಿಬಿರಗಳಿಗಾಗಿ ರೂಪಿಸಿದರು. ಅದರಲ್ಲಿ ಒದ್ದೆ ಬಲ್ಬಿನ ಅಂಕಿಗೆ ಹತ್ತರಲ್ಲಿ ಏಳು ಪಾಲು ತೂಕ, ಬಿಸಿಲಿಗಿಟ್ಟ ಕಪ್ಪು ಗೋಳದೊಳಗಿನ ಉಷ್ಣತೆಗೆ ಎರಡು ಪಾಲು, ಮಾಮೂಲಿ ಉಷ್ಣತೆಗೆ ಒಂದೇ ಪಾಲು. ನಾವು ದಿನವೂ ಮಾತಾಡಿಕೊಳ್ಳುವ ಅಂಕಿಗೆ ಸಿಕ್ಕ ಬೆಲೆ ಇಷ್ಟು! ನಿರ್ಮಾಣದ ಜಾಗದಲ್ಲಿ ಗಾಳಿಯ ಲೆಕ್ಕವೂ ಬೇರೆ. ಧೂಳು ಹಾರದಿರಲೆಂದು ಸಾರುವೆಯ ಸುತ್ತ ಕಟ್ಟುವ ಹಸಿರು ಬಲೆ, ಲಿಫ್ಟಿಗೆಂದು ಬಿಟ್ಟ ಬಾವಿಯಂಥ ಜಾಗ, ಇಲ್ಲೆಲ್ಲ ಹೊರಗಿಗಿಂತ ಗಾಳಿಯಾಟ ಕಡಿಮೆ.

ಇನ್ನು ಆಯ ತಪ್ಪುವ ವಿಷಯ. ಮೈ ಬಿಸಿಯಾದಾಗ ಶಾಖವನ್ನು ಹೊರಹಾಕಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಬೆವರಾಗಿ ಹೋದ ನೀರಿನಿಂದ ರಕ್ತದ ಪ್ರಮಾಣವೂ ಇಳಿದಿರುತ್ತದೆ. ಹೀಗಿರುವಾಗ ಒಂದೇ ಕಡೆ ಬಹಳ ಹೊತ್ತು ನಿಂತರೆ, ಇಲ್ಲವೇ ಕುಕ್ಕರಗಾಲಿನಲ್ಲಿ ಕುಳಿತು ಗೋಡೆಯ ಬುಡ ಉಜ್ಜಿ ತಟಕ್ಕನೆ ಎದ್ದರೆ, ರಕ್ತ ಕಾಲಿನಲ್ಲೇ ಉಳಿದು ಮಿದುಳಿಗೆ ಕಡಿಮೆಯಾಗುತ್ತದೆ. ಕಣ್ಣು ಕತ್ತಲಿಟ್ಟು, ಮಂಡಿ ಸಡಿಲವಾಗಿ, ಮನುಷ್ಯ ಬೀಳುತ್ತಾನೆ. ನೆಲದ ಮೇಲಿದ್ದವನಿಗೆ ಹೀಗೆ ಬೀಳುವುದೇ ಔಷಧ. ಮಲಗಿದ ಕೂಡಲೇ ತಲೆಯೂ ಹೃದಯವೂ ಒಂದೇ ಮಟ್ಟಕ್ಕೆ ಬರುತ್ತವೆ, ರಕ್ತ ಮಿದುಳಿಗೆ ಹರಿಯುತ್ತದೆ, ನಿಮಿಷದಲ್ಲಿ ಎಚ್ಚರವಾಗುತ್ತದೆ. ಶಾಲೆಯ ಪ್ರಾರ್ಥನೆಯಲ್ಲಿ ಬಿಸಿಲಿಗೆ ನಿಂತ ಮಗು ಕುಸಿದು ಬಿದ್ದು, ನೀರು ಚಿಮುಕಿಸಿದ ಮೇಲೆ ಎದ್ದು ಕೂರುವುದನ್ನು ನೋಡದವರಿಲ್ಲ. ಪ್ರಕೃತಿ ಈ ಏರ್ಪಾಟನ್ನು ಮಾಡಿದ್ದು ನೆಲದ ಮೇಲೆ ನಡೆಯುವ ಪ್ರಾಣಿಗೆ. ಇಪ್ಪತ್ತು ಅಡಿ ಎತ್ತರದ ಎರಡು ಹಲಗೆಯ ಮೇಲೆ ಅದೇ ಏರ್ಪಾಟು ಕೊಲ್ಲುತ್ತದೆ.

ಬಿದ್ದಮೇಲೆ ಎಚ್ಚೆತ್ತುಕೊಳ್ಳಲು ಕಾಲವೂ ಇಲ್ಲ. ಹತ್ತು ಅಡಿಯಿಂದ ಬಿದ್ದವನು ನೆಲ ಮುಟ್ಟಲು ಸೆಕೆಂಡಿನ ಮುಕ್ಕಾಲು ಪಾಲು ಸಾಕು. ಆಗ ಅವನ ವೇಗ ಗಂಟೆಗೆ 28 ಕಿಲೋಮೀಟರ್. ಇಪ್ಪತ್ತು ಅಡಿಯಿಂದಾದರೆ ವೇಗ 39. ಎಚ್ಚರವಿದ್ದು ಜಾರಿದವನು ಕೈಗೆ ಸಿಕ್ಕ ಮರವನ್ನಾದರೂ ಹಿಡಿಯಲು ನೋಡಿಯಾನು. ಪ್ರಜ್ಞೆ ತಪ್ಪಿ ಬಿದ್ದವನು ಕೈಯನ್ನೂ ಚಾಚುವುದಿಲ್ಲ.

ಬಿಸಿಲು ಮನುಷ್ಯನನ್ನಷ್ಟೇ ಅಲ್ಲ, ಸಾರುವೆಯನ್ನೂ ಸಡಿಲಗೊಳಿಸುತ್ತದೆ. ಕೆಲವರು ಉಕ್ಕಿನ ಕೊಳವೆ ಬಿಸಿಲಿಗೆ ಹಿಗ್ಗಿ ಸಾರುವೆ ಕುಸಿಯುತ್ತದೆಂದು ಹೇಳುವುದುಂಟು. ಲೆಕ್ಕ ಹಾಕಿದರೆ ಆರು ಮೀಟರ್ ಉದ್ದದ ಕೊಳವೆ 30 ಡಿಗ್ರಿ ಬಿಸಿಯಾದರೆ ಹಿಗ್ಗುವುದು ಎರಡು ಮಿಲಿಮೀಟರ್. ಅದರಿಂದ ಕುಸಿಯುವ ಸಾರುವೆ ಮೊದಲೇ ಕೆಟ್ಟದಾಗಿ ಕಟ್ಟಿದ್ದು. ನಿಜವಾದ ಕೀಟಲೆ ಹಗ್ಗ ಮತ್ತು ಮರದ್ದು. ನಾರಿನ ಹಗ್ಗ ಒದ್ದೆಯಾದಾಗ ಉಬ್ಬಿ ಉದ್ದದಲ್ಲಿ ಕುಗ್ಗುತ್ತದೆ, ಬಿಗಿಯಾಗುತ್ತದೆ. ಒಣಗಿದಾಗ ಮತ್ತೆ ಸಡಿಲ. ಹಸಿ ಸರ್ವೆ ಮರ ಬಿಸಿಲಿಗೆ ಒಣಗುತ್ತ ತುಸು ಸಣ್ಣದಾಗುತ್ತದೆ. ಅಂದಮೇಲೆ ಹಸಿ ಮರಕ್ಕೆ ಒದ್ದೆ ಹಗ್ಗ ಬಿಗಿದು ಕಟ್ಟಿದ ಗಂಟು ಹದಿನೈದು ದಿನದ ಬಿಸಿಲಾದ ಮೇಲೆ ಅದೇ ಗಂಟಾಗಿ ಉಳಿದಿರುವುದಿಲ್ಲ. ಹಳೆಯ ಮೇಸ್ತ್ರಿಗಳು ಬೆಳಿಗ್ಗೆ ಸಾರುವೆ ಹತ್ತುವ ಮುನ್ನ ಗಂಟುಗಳನ್ನು ಕೈಯಲ್ಲಿ ಎಳೆದು ನೋಡುತ್ತಿದ್ದುದು ವಿಜ್ಞಾನವೇ. ಉಕ್ಕಿನ ಕೊಳವೆಗೆ ಈ ದೋಷವಿಲ್ಲ. ಆದರೆ ಬಿಸಿಲಲ್ಲಿ ಕಾದ ಕೊಳವೆಯನ್ನು ಬರಿಗೈಯಲ್ಲಿ ಹಿಡಿಯಲಾಗದು. ಹಿಡಿದು ಹತ್ತಬೇಕಾದವನು ಹಿಡಿಯದೇ ಹತ್ತುತ್ತಾನೆ.

ಉಳಿದ ದೋಷಗಳು ವರ್ಷವಿಡೀ ಇರುವಂಥವು. ಕಂಬದ ಬುಡಕ್ಕೆ ಅಗಲವಾದ ಹಲಗೆಯ ಬದಲು ಒಡೆದ ಇಟ್ಟಿಗೆ. ಆಧಾರದಾಚೆಗೆ ಬಹಳ ಚಾಚಿಕೊಂಡು, ತುದಿಗೆ ಕಾಲಿಟ್ಟರೆ ಏತದಂತೆ ಮೇಲೇಳುವ ಹಲಗೆ. ಮೂರು ಜನರ ಜೊತೆಗೆ ಅರ್ಧ ದಿನಕ್ಕಾಗುವಷ್ಟು ಇಟ್ಟಿಗೆಯನ್ನೂ ಹೊತ್ತ ಸಾರುವೆ. ಮೇಲಿಡುವ ಭಾರದ ನಾಲ್ಕು ಪಟ್ಟನ್ನು ಸಾರುವೆ ತಾಳುವಂತಿರಬೇಕು, ಎತ್ತರವು ತಳದ ಅಗಲದ ನಾಲ್ಕು ಪಟ್ಟು ಮೀರಿದರೆ ಅದನ್ನು ಕಟ್ಟಡಕ್ಕೆ ಬಿಗಿದಿರಬೇಕು ಎಂಬುದು ಅಮೆರಿಕದ ಸುರಕ್ಷತಾ ನಿಯಮ. ನಮ್ಮಲ್ಲೂ ಸಾರುವೆಗಳ ಸುರಕ್ಷತೆಗೆಂದೇ 1987ರ ಮಾನಕವಿದೆ. ಬಿಗಿಯುವುದಾದರೂ ಎಲ್ಲಿಗೆ ಎಂಬುದು ಮುಖ್ಯ. 1978ರ ಏಪ್ರಿಲ್ 27ರಂದು ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ವಿಲೋ ಐಲೆಂಡ್ ಎಂಬಲ್ಲಿ ವಿದ್ಯುತ್ ಕೇಂದ್ರದ ಶೈತ್ಯ ಗೋಪುರ ಕಟ್ಟುತ್ತಿದ್ದಾಗ, ಹಿಂದಿನ ದಿನವಷ್ಟೇ ಹಾಕಿದ್ದ, ಇನ್ನೂ ಬಲಿಯದ ಕಾಂಕ್ರೀಟಿಗೆ ಜೋಡಿಸಿದ್ದ ಸಾರುವೆ ಕಳಚಿಕೊಂಡಿತು. ಐವತ್ತೊಂದು ಜನ ಸತ್ತರು.

ಸಾರುವೆಗೆ ಕಟಕಟೆ ಎಂದರೆ ಹಲವರು ಮೊಣಕಾಲೆತ್ತರಕ್ಕೆ ಒಂದು ಗಳ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ನಿಂತ ಮನುಷ್ಯನ ಗುರುತ್ವ ಕೇಂದ್ರ ಸುಮಾರು ಹೊಕ್ಕುಳಿನ ಮಟ್ಟದಲ್ಲಿರುತ್ತದೆ. ಅದಕ್ಕಿಂತ ಕೆಳಗಿನ ಗಳ ಓಲಿದವನನ್ನು ತಡೆಯುವುದಿಲ್ಲ, ಮಗುಚುತ್ತದೆ. ಒಂದು ಮೀಟರಿನಷ್ಟು ಎತ್ತರದ ಮೇಲಿನ ಗಳ, ನಡುವೆ ಇನ್ನೊಂದು, ಪಾದದ ಬಳಿ ಒಂದು ಅಡ್ಡಹಲಗೆ, ಇಷ್ಟಿದ್ದರೆ ತಲೆಸುತ್ತಿದವನು ಹಲಗೆಯ ಮೇಲೆಯೇ ಕುಸಿದು ಉಳಿಯುತ್ತಾನೆ. ದೊಡ್ಡ ಕಟ್ಟಡಗಳಲ್ಲಿ ಈಗ ಸೊಂಟ ಭುಜಗಳಿಗೆ ಕಟ್ಟುವ ಪಟ್ಟಿ ಕಾಣುತ್ತದೆ. ಅದು ಬಿದ್ದವನನ್ನು ನಡುವೆಯೇ ಹಿಡಿಯುತ್ತದೆ, ನಿಜ. ಆದರೆ ಕಾಲು ಇಳಿಬಿಟ್ಟು ಅಲುಗಾಡದೆ ನೇತಾಡುವವನ ರಕ್ತ ಮತ್ತೆ ಕಾಲಿಗೇ ಇಳಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಇಳಿಸದಿದ್ದರೆ ಜೀವಕ್ಕೆ ಅಪಾಯ. ಪಟ್ಟಿ ತರಿಸಿದವರು ಇಳಿಸುವ ದಾರಿಯನ್ನೂ ಯೋಚಿಸಿಡಬೇಕಾಗುತ್ತದೆ.

ಬಿಸಿಲಿಗೆ ಹೆಚ್ಚು ಬಲಿಯಾಗುವವರು ಯಾರು? ಮುದುಕರು, ಕೃಶರು ಎಂದು ಊಹಿಸುವುದು ಸಹಜ. ದುಡಿಮೆಯ ಜಾಗದಲ್ಲಿ ಹಾಗಲ್ಲ. ಅಲ್ಲಿ ಅಪಾಯ ಹೊಸಬನಿಗೆ. ಇದನ್ನು ಕಲಿಸಿದವು ಗಣಿಗಳು. ನಮ್ಮ ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯೇ ಸುಡುತ್ತಿದ್ದುದರಿಂದ ತಂಪುಮಾಡಿದ ಗಾಳಿಯನ್ನು ಕೆಳಗೆ ಕಳಿಸಬೇಕಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಹೊಸ ಆಳುಗಳು ಶಾಖದ ಹೊಡೆತಕ್ಕೆ ಸಾಯುವುದನ್ನು ಕಂಡು, 1930ರ ದಶಕದ ಹೊತ್ತಿಗೆ ಅವರನ್ನು ಹಂತಹಂತವಾಗಿ ಬಿಸಿಗೆ ಒಗ್ಗಿಸುವ ಪದ್ಧತಿ ಬಂತು. ಒಂದರಿಂದ ಎರಡು ವಾರದಲ್ಲಿ ಮೈ ಪಾಠ ಕಲಿಯುತ್ತದೆ. ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಕಾಂಕ್ರೀಟಿನ ಕ್ಯೂರಿಂಗಿಗೂ ಹೆಚ್ಚುಕಡಿಮೆ ಇಷ್ಟೇ ದಿನ! ಹೊಸಬನಿಗೆ ಮೊದಲ ದಿನ ಬಿಸಿಲಿನ ಕೆಲಸ ಐದರಲ್ಲಿ ಒಂದು ಪಾಲು, ಆಮೇಲೆ ದಿನಕ್ಕೆ ಒಂದೊಂದು ಪಾಲು ಹೆಚ್ಚು ಎಂಬುದು ಇಂದಿನ ತಜ್ಞರ ಸಲಹೆ.

ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಬರುವ ಆಳುಗಳನ್ನು ಕಂಡು, ಬಿಸಿಲು ನಾಡಿನವರಿಗೆ ಬೆಂಗಳೂರಿನ ಬಿಸಿಲೇನು ಲೆಕ್ಕ ಎನ್ನುವವರಿದ್ದಾರೆ. ಹೊಲದಲ್ಲಿ ದುಡಿಯುತ್ತಿದ್ದು ನೇರವಾಗಿ ಬಂದವನ ಮಟ್ಟಿಗೆ ಆ ಮಾತಿನಲ್ಲಿ ಸತ್ಯವಿದೆ. ಆದರೆ ಈ ಒಗ್ಗಿಕೆ ಶಾಶ್ವತವಲ್ಲ. ಜ್ವರ ಬಂದು ಮಲಗಿದ್ದವನು, ಊರ ಹಬ್ಬಕ್ಕೆ ಹೋಗಿ ಕೆಲವು ವಾರ ನೆರಳಿನಲ್ಲಿದ್ದು ಮರಳಿದವನು ಮತ್ತೆ ಹೊಸಬನೇ. ಬೆಂಗಳೂರು ಕೂಡ ಹಳೆಯ ಬೆಂಗಳೂರಲ್ಲ. 2016ರ ಏಪ್ರಿಲ್ 24ರಂದು ಅಲ್ಲಿ 39.2 ಡಿಗ್ರಿ ದಾಖಲಾಯಿತು.

ಶಾಖದ ಹೊಡೆತ ತಗುಲಿದವನನ್ನು ಗುರುತಿಸುವಲ್ಲಿ ಎರಡು ತಪ್ಪು ನಡೆಯುತ್ತವೆ. ಬೆವರು ನಿಂತು ಚರ್ಮ ಒಣಗಿದ್ದರೆ ಮಾತ್ರ ಅದು ಶಾಖಾಘಾತ ಎಂದು ಹಳೆಯ ಪುಸ್ತಕಗಳಲ್ಲಿತ್ತು. ದುಡಿಯುತ್ತಿದ್ದವನಿಗೆ ತಗುಲಿದಾಗ ಮೈ ಬೆವರಿನಿಂದ ಒದ್ದೆಯಾಗಿಯೇ ಇರಬಹುದು. ಎರಡನೆಯದು ಇನ್ನೂ ಕ್ರೂರವಾದದ್ದು. ಮಿದುಳು ಬಿಸಿಯಾದವನು ತೊದಲುತ್ತಾನೆ, ಅಡ್ಡಾದಿಡ್ಡಿ ಹೆಜ್ಜೆಯಿಡುತ್ತಾನೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಾನೆ, ರೇಗುತ್ತಾನೆ. ಕುಡಿದು ಬಂದಿದ್ದಾನೆ ಎಂದು ಬೈದು ಮೂಲೆಯಲ್ಲಿ ಕೂರಿಸುತ್ತಾರೆ. ಬಿಸಿಲಿನ ಮಧ್ಯಾಹ್ನ ಕುಡಿದವನಂತೆ ಕಾಣುವವನನ್ನು ಮೊದಲು ಶಾಖದ ರೋಗಿಯೆಂದೇ ತಿಳಿಯುವುದು ಕ್ಷೇಮ. ಕುಡಿದಿದ್ದರೂ ನೀರು ಸುರಿದರೆ ನಷ್ಟವೇನಿಲ್ಲ.

ನೀರು ಸುರಿಯುವುದೇ ಚಿಕಿತ್ಸೆಯ ಮೊದಲ ಮತ್ತು ದೊಡ್ಡ ಭಾಗ. ಆಸ್ಪತ್ರೆಗೆ ಸಾಗಿಸುವ ಮುನ್ನವೇ, ಮೊದಲ ಅರ್ಧ ಗಂಟೆಯೊಳಗೆ ಮೈ ತಣಿಯಬೇಕು. 108ಕ್ಕೆ ಕರೆ ಹೋಗಲಿ, ಅಷ್ಟರಲ್ಲಿ ನೆರಳಿಗೆ ತಂದು, ಅಂಗಿ ಸಡಿಲಿಸಿ, ತಣ್ಣೀರು ಸುರಿದು ಗಾಳಿ ಬೀಸುತ್ತಿರಬೇಕು. ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿಸಿ, ತಲೆಯನ್ನು ಒಬ್ಬರು ಹಿಡಿದಿದ್ದರೆ ಇನ್ನೂ ಒಳ್ಳೆಯದು. ಅದಕ್ಕೆ ಬೇಕಾದ ತೊಟ್ಟಿ ಪ್ರತಿ ಕಟ್ಟಡದ ಮುಂದೆಯೂ ಇದೆ, ಕ್ಯೂರಿಂಗಿಗೆಂದು ತುಂಬಿಸಿಟ್ಟದ್ದು. ನೆನೆದ ಗೋಣಿಚೀಲವೂ ಇದೆ. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು, ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡದು. ಮೇಲಿನಿಂದ ಬಿದ್ದವನಾದರೆ ಮಾತ್ರ ಎತ್ತಿ ತೊಟ್ಟಿಗೆ ಹಾಕುವಂತಿಲ್ಲ. ಬೆನ್ನುಹುರಿಗೆ ಪೆಟ್ಟಾಗಿರಬಹುದು. ಬಿದ್ದಲ್ಲಿಯೇ ತಲೆ ಕುತ್ತಿಗೆ ಅಲುಗದಂತೆ ಹಿಡಿದು, ನೆರಳು ಮಾಡಿ, ಅಲ್ಲಿಗೇ ನೀರು ತರಬೇಕು.

ಕುಡಿಯುವ ನೀರಿನ ಮಾತು ಸುಲಭವೆನಿಸಿದರೂ ಸುಲಭವಲ್ಲ. ಬಿಸಿಲಲ್ಲಿ ದುಡಿಯುವವರು ಕಾಲು ಗಂಟೆಗೊಮ್ಮೆ ಒಂದು ಲೋಟ ಕುಡಿಯಬೇಕು. ಬಾಯಾರಿಕೆಯನ್ನು ಕಾದರೆ ತಡ. 60 ಕಿಲೋ ತೂಕದವನು ಒಂದೂಕಾಲು ಲೀಟರ್ ನೀರು ಕಳೆದುಕೊಳ್ಳುವಷ್ಟರಲ್ಲೇ ಅವನ ಕಸುವೂ ಗಮನವೂ ತಗ್ಗತೊಡಗುತ್ತವೆ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ನೀರಿನ ಜೊತೆ ಉಪ್ಪನ್ನೂ ಮರಳಿಸುತ್ತವೆ. ಆದರೆ ಸಾರುವೆಯ ಮೇಲಿರುವವನು ಒಂದು ಲೋಟಕ್ಕೆ ಇಪ್ಪತ್ತು ಅಡಿ ಇಳಿದು ಹತ್ತುವುದಿಲ್ಲ; ಗಾರೆಯ ಬಾಂಡ್ಲಿ ಹೋಗುವ ಹಾಗೆ ನೀರಿನ ಬಾಟಲಿಯೂ ಮೇಲೆ ಹೋಗಬೇಕು. ಬಾಂಡ್ಲಿ ಹೊರುವ ಹೆಂಗಸರ ಕಷ್ಟವೇ ಬೇರೆ. ಶೌಚಾಲಯವಿಲ್ಲದ ಜಾಗದಲ್ಲಿ ಅವರು ಬೆಳಗಿನಿಂದ ಬೇಕೆಂದೇ ನೀರು ಕುಡಿಯುವುದಿಲ್ಲ. ಕುಡಿಯುವ ನೀರು, ಶೌಚಾಲಯ ಒದಗಿಸಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಮೂವತ್ತು ನಲವತ್ತರ ನಿವೇಶನದಲ್ಲಿ ಆರು ಜನರಿಂದ ಕೆಲಸ ಮಾಡಿಸುವ ಮನೆಯೊಡೆಯನನ್ನು ಕೇಳಲು ಯಾವ ಇನ್ಸ್‌ಪೆಕ್ಟರೂ ಬರುವುದು ಅಪರೂಪ. ತಗಡಿನ ಒಂದು ಮರೆ ಕಟ್ಟಿಸಿದರೆ ಅದು ಬೇಸಿಗೆಯ ಔಷಧವೂ ಹೌದು ಎಂದು ಅವನಿಗೆ ಹೊಳೆಯುವುದಿಲ್ಲ.

ಬೇಸಿಗೆ ಬಂತೆಂದರೆ ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಗಿಸುವ ರೂಢಿಯಿದೆ. ಫ್ಯಾನಿನ ಕೆಳಗೆ ಕುಳಿತವರಿಗೆ ಸಿಕ್ಕ ಈ ಅನುಕೂಲ ಕಚೇರಿಯ ಎದುರಿನ ಕಟ್ಟಡದ ಮೇಲೆ ನಿಂತವರಿಗೆ ಸಿಕ್ಕಿಲ್ಲ. ಕೇರಳದಲ್ಲಿ ಬಿಸಿಲಿನ ತಿಂಗಳುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೊರಗಿನ ಕೆಲಸ ನಿಲ್ಲಿಸಲು ಕಾರ್ಮಿಕ ಇಲಾಖೆ ಆದೇಶಿಸುತ್ತದೆ. ಕರಾವಳಿಯ ಎಷ್ಟೋ ಮಂದಿ ದುಡಿಯುತ್ತಿರುವ ಕತಾರಿನಲ್ಲಿ 2021ರ ನಿಯಮದಂತೆ ಜೂನ್ ಒಂದರಿಂದ ಸೆಪ್ಟೆಂಬರ್ ಹದಿನೈದರವರೆಗೆ ಬೆಳಿಗ್ಗೆ ಹತ್ತರಿಂದ ಮೂರೂವರೆಯವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಮೇಲೆ ಹೇಳಿದ ಕಪ್ಪು ಗೋಳದ ಮಾಪನ 32.1 ದಾಟಿದರೆ ಯಾವ ಹೊತ್ತಿನಲ್ಲಾದರೂ ನಿಲ್ಲಿಸಲೇಬೇಕು.

ಆದೇಶವಿಲ್ಲದೆಯೂ ಮಾಡಬಹುದಾದದ್ದು ಒಂದಿದೆ, ಖರ್ಚೂ ಇಲ್ಲ. ಪಶ್ಚಿಮದ ಗೋಡೆಗೆ ಬೆಳಿಗ್ಗೆ, ಪೂರ್ವದ ಗೋಡೆಗೆ ಮಧ್ಯಾಹ್ನದ ಮೇಲೆ ಗಿಲಾವು ಹಚ್ಚುವುದು. ಗೋಡೆಯ ನೆರಳಿನಲ್ಲೇ ಸಾರುವೆ ಇರುತ್ತದೆ. ಕಾದ ಗೋಡೆಗೆ ಹಚ್ಚಿದ ಗಿಲಾವು ನೀರು ಆರಿ ಬಿರುಕು ಬಿಡುವುದರಿಂದ ಗೋಡೆಗೂ ಅದೇ ಒಳ್ಳೆಯದು. ಮೇಸ್ತ್ರಿಗಳಿಗೆ ಇದು ತಿಳಿಯದ ವಿಷಯವಲ್ಲ. ಆದರೆ ಗೃಹಪ್ರವೇಶ ಆಷಾಢಕ್ಕೆ ಮುಂಚೆ ಮುಗಿಯಬೇಕು. ಪುರೋಹಿತರು ಮೇ ತಿಂಗಳಲ್ಲೊಂದು ದಿನ ಗೊತ್ತುಮಾಡಿ, ಪತ್ರಿಕೆ ಅಚ್ಚಾಗಿರುತ್ತದೆ. ಗಿಲಾವು, ಬಣ್ಣ, ಎಲ್ಲವೂ ಏಪ್ರಿಲಿನ ನಾಲ್ಕು ವಾರದೊಳಗೆ ಬಂದು ಸೇರುತ್ತವೆ. ಪೂರ್ವ, ಪಶ್ಚಿಮ ನೋಡುತ್ತ ಕೂರಲು ಆಗ ಯಾರಿಗೂ ಪುರುಸೊತ್ತಿರುವುದಿಲ್ಲ. ಮುಹೂರ್ತ ಕೇಳಲು ಹೋಗುವ ಮುನ್ನ ಮೇಸ್ತ್ರಿಯನ್ನು ಒಂದು ಮಾತು ಕೇಳಿದರೆ, ಬೆಳಿಗ್ಗೆ ಆರಕ್ಕೆ ಶುರುಮಾಡಿ ಹನ್ನೊಂದೂವರೆಗೆ ಇಳಿದು, ಮೂರೂವರೆಗೆ ಮತ್ತೆ ಹತ್ತುವ ಲೆಕ್ಕದಲ್ಲಿ ಎಷ್ಟು ದಿನ ಬೇಕೆಂದು ಅವನೇ ಹೇಳುತ್ತಾನೆ.